ಚಾಂದ್ ಬೀಬಿಗೆ ಯಾವ ಬಟ್ಟೆ ಹೊಲಿಯಬೇಕು?

ಈ ವರ್ಷದ ಗ್ಯಾದರಿಂಗ್‌ನಲ್ಲಿ ಚಾಂದ್ ಬೀಬಿಯ ನಾಟಕ ಆಡುವುದೆಂದು ತೀರ್ಮಾನವಾದಾಗ ಬಟ್ಟೆಯ ಜವಾಬ್ದಾರಿ ನನ್ನ ಹೆಗಲಿಗೆ ಬಂತು. ಕಾರಣ ಇಷ್ಟೇ, ನಮ್ಮ ಅಬ್ಬಾ ಟೇಲರ್. ಮೊದಲು ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದಕ್ಕೆ ಫೋನ್ ಮಾಡಿ, "ಸುಲ್ತಾನರ ಡ್ರೆಸ್ ಕಳಿಸ್ರಿ" ಅಂದೆವು. ನೀಲಿ ಮಖಮಲ್ಲಿನ ಶೇರ್ವಾನಿ ಬಂತು. ಎದೆಯುದ್ದಕ್ಕೂ ಬಂಗಾರದ ಬಣ್ಣದ ಹನ್ನೊಂದು ಗುಂಡಿ. ಚಾಂದ್ ಬೀಬಿಗೆಂದು ಚಮಕಿ ಹಚ್ಚಿದ ನೆಟ್ಟಿನ ಘಾಗ್ರಾ. ಹಾಕಿಕೊಂಡು ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಎಲ್ಲರೂ ಫೋಟೊ ತೆಗೆಸಿಕೊಂಡೆವು.

ಅಷ್ಟರಲ್ಲಿ ಇತಿಹಾಸದ ಮೇಡಮ್ ಬಂದರು. ಶೇರ್ವಾನಿಯ ಒಂದು ಗುಂಡಿ ಹಿಡಿದು, "ಇದು ಯಾವ ಶತಮಾನದ್ದು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಶೇರ್ವಾನಿ ರೂಪುಗೊಂಡದ್ದು 19ನೇ ಶತಮಾನದಲ್ಲಿ. ನಮ್ಮ ನಾಟಕ ನಡೆಯುವುದು 1580ರಲ್ಲಿ. "ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕ್ತೀರೇನು? ಇಲ್ಲೂ ಹಾಕಬ್ಯಾಡ್ರಿ" ಎಂದು ಹೇಳಿ ಹೋದರು. ನಾನು ಹೆಬಾ ವಿಭಾಗದವಳು, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ನಾಲ್ಕರಲ್ಲಿ ಇತಿಹಾಸವನ್ನು ನಾನು ಬರೀ ಇಸವಿ ಬಾಯಿಪಾಠ ಮಾಡುವ ವಿಷಯ ಎಂದುಕೊಂಡಿದ್ದೆ. ಮುಂದಿನ ಎರಡು ತಿಂಗಳಲ್ಲಿ ಬಟ್ಟೆಯ ವೋಚರ್ ಹುಡುಕುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನೂರು ವರ್ಷದ ಹಿಂದಿನ ಬಟ್ಟೆ ನಮಗೆ ಸುಲಭವಾಗಿ ಸಿಗುವುದಿಲ್ಲ. ಕೋಟೆ ಉಳಿಯುತ್ತದೆ, ನಾಣ್ಯ ಉಳಿಯುತ್ತದೆ. ಹತ್ತಿ ಬಟ್ಟೆ ಕೊಳೆಯುತ್ತದೆ, ನುಸಿ ತಿನ್ನುತ್ತದೆ, ಹರಿದರೆ ಮನೆಯವರೇ ಒರಸುವ ಅರಿವೆ ಮಾಡುತ್ತಾರೆ. ಹಾಗಾಗಿ ಆ ಕಾಲದ ಬಟ್ಟೆ ನೋಡಬೇಕೆಂದರೆ ಆ ಕಾಲದ ಪುಸ್ತಕಗಳ ಚಿತ್ರ ನೋಡಬೇಕು. ಅವು ಅಚ್ಚಿನ ಪುಸ್ತಕಗಳಲ್ಲ. ಲಿಪಿಕಾರ ಕೈಯಿಂದ ಬರೆದು ಚಿತ್ರಕ್ಕೆ ಜಾಗ ಬಿಡುತ್ತಿದ್ದ, ಚಿತ್ರಕಾರ ಅದರಲ್ಲಿ ಬಣ್ಣ ಮತ್ತು ಬಂಗಾರ ತುಂಬುತ್ತಿದ್ದ. ಎಷ್ಟೋ ಚಿತ್ರಗಳು ಅಂಗೈಗಿಂತ ಸ್ವಲ್ಪವೇ ದೊಡ್ಡವು. ಕನ್ನಡ ನಾಡಿನಲ್ಲಿ ಈ ಕೆಲಸ ಸುಲ್ತಾನರಿಗಿಂತ ಬಹಳ ಹಿಂದಿನಿಂದ ಇದೆ. ಮೂಡಬಿದಿರೆಯಲ್ಲಿರುವ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳ ಚಿತ್ರಗಳು 12ನೇ ಶತಮಾನದವು. ಇದನ್ನು ನನಗೆ ಹೇಳಿದವಳು ಶೇಡಬಾಳದಿಂದ ಬರುವ ನನ್ನ ಬೆಂಚಿನ ಗೆಳತಿ. ಅವರ ಮನೆಯವರು ಯಾತ್ರೆಗೆ ಹೋಗಿ ಬಂದಿದ್ದರಂತೆ.

ನಮಗೆ ಬೇಕಾದದ್ದು ವಿಜಾಪುರ ಮತ್ತು ಅಹ್ಮದನಗರದ ಚಿತ್ರಗಳು. ಚಾಂದ್ ಬೀಬಿ ಅಹ್ಮದನಗರದ ಹುಸೇನ್ ನಿಜಾಮ್ ಶಾಹನ ಮಗಳು, ವಿಜಾಪುರದ ಒಂದನೇ ಅಲಿ ಆದಿಲ್ ಶಾಹನ ಹೆಂಡತಿ. 1580ರಲ್ಲಿ ಗಂಡ ತೀರಿಕೊಂಡ ಮೇಲೆ ಎಳೆಯ ಹುಡುಗ ಇಬ್ರಾಹಿಮನ ಹೆಸರಿನಲ್ಲಿ ಆಡಳಿತ ನೋಡಿದಳು. 1595-96ರಲ್ಲಿ ಅಹ್ಮದನಗರದ ಕೋಟೆಗೆ ಮೊಘಲರು ಮುತ್ತಿಗೆ ಹಾಕಿದಾಗ ಎದುರು ನಿಂತಳು. ನಮ್ಮ ಅಥಣಿ, ರಾಯಬಾಗ, ಚಿಕ್ಕೋಡಿಯ ಕಡೆಯ ಸೀಮೆ ಆಗ ಆದಿಲ್ ಶಾಹಿಗಳ ಕೈಯಲ್ಲಿತ್ತು. ಅಥಣಿಯಿಂದ ವಿಜಾಪುರಕ್ಕೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೆ ನಾನು ನೋಡಬೇಕಾಗಿದ್ದ ಪುಸ್ತಕಗಳಲ್ಲಿ ಒಂದೂ ವಿಜಾಪುರದಲ್ಲಿಲ್ಲ. ಒಂದು ಡಬ್ಲಿನ್‌ನಲ್ಲಿದೆ, ಒಂದು ಲಂಡನ್‌ನಲ್ಲಿ, ಒಂದು ಪುಣೆಯಲ್ಲಿ. ಅಬ್ಬಾನ ಫೋನಿನಲ್ಲಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದು ನನ್ನ ಕೈಗೆ ಬಂದಾಗ ನೋಡಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2015ರಲ್ಲಿ ದಖನ್ನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಮಾಡಿತ್ತು. ಅದರ ಪುಸ್ತಕ ಪುಕ್ಕಟೆಯಾಗಿ ಓದಲು ಸಿಗುತ್ತದೆ. ಬೇಕಾದವರು ನನ್ನನ್ನು ಕೇಳಿ, ಕಳಿಸುತ್ತೇನೆ.

ಹುಡುಕಿದ ಮೊದಲ ದಿನವೇ ಚಾಂದ್ ಬೀಬಿ ಸಿಕ್ಕಳು! ಕುದುರೆಯ ಮೇಲೆ ಕುಳಿತಿದ್ದಾಳೆ, ಕೈಯ ಮೇಲೆ ಬೇಟೆಯ ಗಿಡುಗ, ಜೊತೆಗೆ ಆಳುಗಳು. ಬಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ಕೆಲಸ ಮುಗಿಯಿತೆಂದು ಪ್ರಿಂಟ್ ತೆಗೆಸಿ ಮೇಡಮ್‌ಗೆ ತೋರಿಸಿದೆ. ಅವರು ಚಿತ್ರ ನೋಡಲೇ ಇಲ್ಲ, ಕೆಳಗಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. ಚಿತ್ರ ಬರೆದ ಕಾಲ ಸುಮಾರು 1700. ಚಾಂದ್ ಬೀಬಿ ಸತ್ತದ್ದು 1600ರಲ್ಲಿ. ಚಿತ್ರಕಾರ ಅವಳನ್ನು ನೋಡಿರುವುದು ಹಾಗಿರಲಿ, ಅವನ ಅಜ್ಜನೂ ನೋಡಿರಲಾರ. ಅವನು ಕಥೆ ಕೇಳಿದ್ದ, ಬಟ್ಟೆಯನ್ನು ತನ್ನ ಕಾಲದ ಶ್ರೀಮಂತ ಹೆಂಗಸರ ಮೈಮೇಲಿಂದ ತೆಗೆದುಕೊಂಡ. ನೂರು ವರ್ಷ ಎಂದರೆ ಕಡಿಮೆಯಲ್ಲ. ನನ್ನ ಬಟ್ಟೆ ನೋಡಿ ನನ್ನ ಮುತ್ತಜ್ಜಿ ಏನು ತೊಡುತ್ತಿದ್ದಳು ಎಂದು ಯಾರಾದರೂ ಬರೆದರೆ ಹೇಗಿರುತ್ತದೆ?

ಇದೇ ಪಾಠವನ್ನು ಇನ್ನೂ ಚೆನ್ನಾಗಿ ಕಲಿಸುವ ಚಿತ್ರವೊಂದಿದೆ. ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಸುಮಾರು 1680ರಲ್ಲಿ ಬರೆದದ್ದು, ಈಗ ನ್ಯೂಯಾರ್ಕಿನ ಅದೇ ವಸ್ತುಸಂಗ್ರಹಾಲಯದಲ್ಲಿದೆ. ಮೂಲಪುರುಷ ಯೂಸುಫ್‌ನಿಂದ ಹಿಡಿದು ಬಾಲಕ ಸಿಕಂದರ್‌ವರೆಗೆ ಆದಿಲ್ ಶಾಹಿಗಳು ಒಂದೇ ಕಡೆ ಕೂಡಿದ್ದಾರೆ. ಇರಾನಿನ ಶಾಹ ಇಸ್ಮಾಯಿಲ್ ಯೂಸುಫ್‌ಗೆ ಬೀಗದ ಕೈ ಕೊಡುತ್ತಿದ್ದಾನೆ. ಯೂಸುಫ್ ರಾಜ್ಯ ಕಟ್ಟಿದ್ದು 1490ರ ಹೊತ್ತಿಗೆ, ಸಿಕಂದರ್ ಔರಂಗಜೇಬನಿಗೆ ಶರಣಾದದ್ದು 1686ರಲ್ಲಿ. ಮುತ್ತಾತ ಮರಿಮಗ ಎಲ್ಲ ಒಂದೇ ಮಧ್ಯಾಹ್ನ ಒಂದೇ ಜಮಖಾನದ ಮೇಲೆ ಸೇರಿದ್ದು ಚಿತ್ರದಲ್ಲಿ ಮಾತ್ರ ಸಾಧ್ಯ. ಅಂಥ ಚಿತ್ರದಿಂದ ಯೂಸುಫ್‌ನ ಬಟ್ಟೆ ಎತ್ತಿಕೊಂಡರೆ 1680ರ ಜನ ಯೂಸುಫ್‌ನನ್ನು ಹೇಗೆ ನೆನೆದರು ಎಂಬುದು ತಿಳಿಯುತ್ತದೆ, ಯೂಸುಫ್‌ನ ಅಲಮಾರಿ ತಿಳಿಯುವುದಿಲ್ಲ. ಚಿತ್ರ ಯಾರದ್ದು ಎನ್ನುವುದಕ್ಕಿಂತ ಮೊದಲು ಅದನ್ನು ಯಾವಾಗ ಬರೆದರು ಎಂದು ಕೇಳಬೇಕು. ವೋಚರಿನ ಮೇಲೆ ಮೊದಲು ತಾರೀಕು ನೋಡುವ ಹಾಗೆ.

ತಾರೀಕು ಸರಿಹೊಂದುವ ಪುಸ್ತಕ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಹೆಸರು ತಾರೀಫ್-ಇ ಹುಸೇನ್ ಶಾಹಿ. ಆಫ್ತಾಬಿ ಎಂಬ ಕವಿ ಹುಸೇನ್ ನಿಜಾಮ್ ಶಾಹನನ್ನು ಹೊಗಳಿ ಫಾರಸಿಯಲ್ಲಿ ಬರೆದ ಕಾವ್ಯ. 1565ರ ತಾಳಿಕೋಟೆ ಯುದ್ಧವೂ ಅದರ ಚಿತ್ರಗಳಲ್ಲಿ ಬರುತ್ತದೆ. ಅದೇ ವರ್ಷ ಹುಸೇನ್ ತೀರಿಕೊಂಡ, ಹೆಂಡತಿ ಖುಂಜಾ ಹುಮಾಯೂನ್ ಮಗನ ಹೆಸರಿನಲ್ಲಿ ರಾಜ್ಯ ನಡೆಸಿದಳು, ಪುಸ್ತಕ ತಯಾರಾದದ್ದು ಅವಳ ಆಡಳಿತದ ಕಾಲದಲ್ಲಿ. ಈ ಖುಂಜಾ ಹುಮಾಯೂನ್ ಬೇರೆ ಯಾರೂ ಅಲ್ಲ, ಚಾಂದ್ ಬೀಬಿಯ ತಾಯಿ. ಗಂಡನನ್ನು ಹೊಗಳುವ ಪುಸ್ತಕದಲ್ಲಿ ಅವಳನ್ನೂ ಸುಲ್ತಾನನ ಮಗ್ಗುಲಲ್ಲಿ ಬರೆದಿದ್ದರು. ನಮಗೆ ಬೇಕಾದ ವೋಚರ್ ಇದೇ ಅಂದುಕೊಂಡೆ.

ಆದರೆ ಚಿತ್ರ ತೆರೆದರೆ ರಾಣಿ ಇಲ್ಲ. 1569ರಲ್ಲಿ ಮಗ ಮುರ್ತಜಾ ತಾಯಿಯನ್ನು ಸೆರೆಯಲ್ಲಿಟ್ಟು ಅಧಿಕಾರ ತೆಗೆದುಕೊಂಡ. ಆಮೇಲೆ ಚಿತ್ರಗಳಲ್ಲಿ ಅವಳ ಆಕೃತಿಯನ್ನು ಅಳಿಸಿಬಿಟ್ಟರು. ಸುಲ್ತಾನ ಕುಳಿತಿದ್ದಾನೆ, ಸುತ್ತ ದಾಸಿಯರು ನಿಂತಿದ್ದಾರೆ, ಅವನ ಮಗ್ಗುಲಲ್ಲಿ ಒಂದು ಮಬ್ಬು ಕಲೆ. ಎಲ್ಲರ ಬಟ್ಟೆಯೂ ಇದೆ, ನಮಗೆ ಬೇಕಾದವಳದ್ದು ಮಾತ್ರ ಇಲ್ಲ. ಆ ರಾತ್ರಿ ನಾನು ಬಹಳ ಹೊತ್ತು ಆ ಕಲೆಯನ್ನೇ ದೊಡ್ಡದು ಮಾಡಿ ನೋಡುತ್ತ ಕುಳಿತಿದ್ದೆ. ನನ್ನ ಹಿಂದೆ ಮಲಗಿದ್ದ ದಾದಿಮಾ ಎದ್ದು, "ಏನದು, ಎಣ್ಣಿ ಚೆಲ್ಲ್ಯದೇನು?" ಎಂದು ಕೇಳಿದರು. (ಅವರು ಕೇಳಿದ್ದು ಉರ್ದುವಿನಲ್ಲಿ. ನಮ್ಮ ಮನೆಯ ಉರ್ದುವನ್ನು ಬರೆದರೆ ಲಖನೌದವರು ನಗುತ್ತಾರೆ, ಆದ್ದರಿಂದ ಕನ್ನಡದಲ್ಲಿ ಬರೆದಿದ್ದೇನೆ.)

ಉಳಿದವರ ಬಟ್ಟೆ ನೋಡಿಯೇ ಊಹಿಸಬೇಕಾಯಿತು. ಆ ಹೆಂಗಸರ ಮೇಲ್ಮೈಗೆ ಗಿಡ್ಡ ತೋಳಿನ ಬಿಗಿ ಕುಪ್ಪಸ, ಸೊಂಟದಿಂದ ಕೆಳಗೆ ಕಾಲ್ಗಂಟಿನವರೆಗೆ ಬಟ್ಟೆ, ಮೈಮೇಲೆ ತೆಳ್ಳನೆಯ ವಸ್ತ್ರ. ಚಮಕಿ ಇಲ್ಲ, ನೆಟ್ಟು ಇಲ್ಲ. ಇನ್ನೊಂದು ಪುಸ್ತಕ ನುಜೂಮ್ ಅಲ್-ಉಲೂಮ್, ನಕ್ಷತ್ರ, ಮಂತ್ರ, ಆಯುಧ, ಆನೆ, ಕುದುರೆ ಎಲ್ಲವನ್ನೂ ತುಂಬಿಕೊಂಡ ದೊಡ್ಡ ಗ್ರಂಥ. ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಕಾಲ 1570, ಸ್ಥಳ ವಿಜಾಪುರ, ಸುಲ್ತಾನ ಒಂದನೇ ಅಲಿ. ಅಂದರೆ ಚಾಂದ್ ಬೀಬಿ ಅದೇ ಅರಮನೆಯಲ್ಲಿ ಇದ್ದ ವರ್ಷಗಳವು. ಅದರಲ್ಲಿ ರೂಹಾನಿ ಎಂಬ ಶಕ್ತಿದೇವತೆಗಳ ಚಿತ್ರಗಳಿವೆ, ಹಾಗೂ ಅವರು ಉಟ್ಟದ್ದು ಸೀರೆ! ಲೇಪಾಕ್ಷಿಯ ಮಾಡಿನಲ್ಲಿ ಇದ್ದರೆ ಯಾರಿಗೂ ಆಶ್ಚರ್ಯವಾಗದಂಥ ದಕ್ಷಿಣದ ಸೀರೆ. ಸುತ್ತ ಫಾರಸಿ ಅಕ್ಷರ.

ಇಲ್ಲಿಂದ ಜಗಳ ಶುರುವಾಯಿತು. ನಾಟಕದ ತಾಲೀಮಿನಲ್ಲಿ ನಾನು ಚಾಂದ್ ಬೀಬಿಗೆ ಸೀರೆ ಅಥವಾ ಸೀರೆಯಂಥದ್ದು ಉಡಿಸೋಣ ಎಂದೆ. "ಮುಸಲ್ಮಾನರ ರಾಣಿಗೆ ಸೀರಿ ಉಡಸ್ತೀ?" ಎಂದಳು ಒಬ್ಬಳು. ಇನ್ನೊಬ್ಬಳು ಥಟ್ಟನೆ, "ನೋಡೇ, ಅವರೇ ಉಟ್ಟಾರಂತ, ನಿಮ್ಮ ಬುರ್ಖಾ ಎಲ್ಲಾ ಈಗಿಂದು" ಎಂದಳು. ಐದು ನಿಮಿಷದಲ್ಲಿ ನಾಟಕ ಪಕ್ಕಕ್ಕೆ ಹೋಗಿ ಎಲ್ಲರೂ ತಮ್ಮ ತಮ್ಮ ಮನೆಯ ಜಗಳ ಆಡತೊಡಗಿದರು. ನಾನು ಬೇರೆಯವರನ್ನು ಬೈಯಲಾರೆ, ಏಕೆಂದರೆ ನನ್ನ ಮನಸ್ಸಿನಲ್ಲೂ ಒಂದು ಜಗಳ ಇತ್ತು. ನಾನು ಕಾಲೇಜಿಗೆ ಬುರ್ಖಾ ಹಾಕಿಕೊಂಡು ಬರುತ್ತೇನೆ. ನಮ್ಮ ದಾದಿಮಾ ಹುಟ್ಟಿದಾಗಿನಿಂದ ಇಳಕಲ್ ಸೀರೆಯವರು, ತಲೆಯ ಮೇಲಿನ ಸೆರಗು ನಾನು ಜಾರಿದ್ದು ಕಂಡಿಲ್ಲ. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸಂಬಂಧಿಕರೊಬ್ಬರು ಅವರಿಗೆ, ಸೀರೆ ನಮ್ಮ ಪೋಷಾಕಲ್ಲ ಎಂದು ಹತ್ತು ಜನರ ಎದುರು ಹೇಳಿದರು. ದಾದಿಮಾ ಉತ್ತರ ಕೊಡಲಿಲ್ಲ, ಊಟ ಮಾಡದೆ ಬಂದರು. 1570ರ ಆ ಚಿತ್ರ ಸಿಕ್ಕಾಗ ನನಗೆ ಮೊದಲು ನೆನಪಾದದ್ದು ಚಾಂದ್ ಬೀಬಿಯಲ್ಲ, ಆ ಮದುವೆ. ಪ್ರಿಂಟ್ ತೆಗೆಸಿ ಅವರ ಮನೆಗೆ ಒಯ್ದು ಮುಖದ ಮುಂದೆ ಹಿಡಿಯಬೇಕೆಂದುಕೊಂಡಿದ್ದೆ.

ಮೇಡಮ್ ಬುರ್ಖಾ, ಸೀರೆ ಎರಡನ್ನೂ ಎತ್ತದೆ, "ಈ ಚಿತ್ರದಲ್ಲಿರೋದು ಯಾರು?" ಎಂದಷ್ಟೇ ಕೇಳಿದರು. ರೂಹಾನಿ ಎಂದೆ. "ರೂಹಾನಿ ಅಂದ್ರೆ ವಿಜಾಪುರದ ಹೆಂಗಸಾ?" ಅಲ್ಲ. ಅದು ಶಕ್ತಿ, ಮಂತ್ರಕ್ಕೆ ಬರುವಂಥದ್ದು. ದಕ್ಷಿಣದ ಪದ್ಧತಿ ಬಲ್ಲ ಚಿತ್ರಕಾರ ದೇವತೆ ಎಂದೊಡನೆ ತನ್ನ ಕೈಗೆ ರೂಢಿಯಾದ ದೇವತೆಯನ್ನು ಬರೆದಿರಬಹುದು. ನಮ್ಮ ಊರಿನ ಬಣ್ಣದಂಗಡಿಯವನು ಲಕ್ಷ್ಮಿಯ ಚಿತ್ರಕ್ಕೆ ಉಡಿಸುವ ಸೀರೆ ನೋಡಿ ಪಕ್ಕದ ಮನೆಯ ಕಾಕೂ ಹೊಲಕ್ಕೆ ಹೋಗುವಾಗ ಅದನ್ನೇ ಉಡುತ್ತಾರೆ ಎಂದರೆ ತಪ್ಪಾಗುತ್ತದೆ. ನಾನು ಪ್ರಿಂಟನ್ನು ದಾದಿಮಾಗೂ ತೋರಿಸಿದೆ, ಸಂತೋಷಪಡಲಿ ಎಂದು. ಅವರು ಕನ್ನಡಕ ಹಾಕಿಕೊಂಡು ನೋಡಿ, "ಇವರು ನಮ್ಮಂಗಿಲ್ಲ ಬೇಟಾ, ತಲಿ ಮ್ಯಾಲ ಸೆರಗs ಇಲ್ಲ" ಎಂದು ವಾಪಸ್ ಕೊಟ್ಟರು.

ಆ ಎರಡು ಪುಸ್ತಕಗಳಿಂದ ನಾನು ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು. 1565ರಿಂದ 1570ರ ನಡುವೆ ಈ ಎರಡು ಆಸ್ಥಾನಗಳ ಚಿತ್ರಕಾರರಿಗೆ ಫಾರಸಿ ಪುಸ್ತಕದಲ್ಲಿ ಹೆಣ್ಣನ್ನು ಬರೆಯುವಾಗ ಸೀರೆ, ಕುಪ್ಪಸ, ತೆಳು ಮೇಲುವಸ್ತ್ರ ಇವು ಪರಕೀಯ ಅನ್ನಿಸಲಿಲ್ಲ, ಬರೆಸಿದವರೂ ಬೇಡ ಎನ್ನಲಿಲ್ಲ. ಆಗ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು, ಸಂತೆಯಲ್ಲಿ ಕುಳಿತವಳು, ಮನೆಯೊಳಗಿನಿಂದ ಹೊರಬರದವಳು ಏನು ತೊಡುತ್ತಿದ್ದಳು ಎಂಬುದಕ್ಕೆ ಈ ಪುಟಗಳಲ್ಲಿ ಉತ್ತರವಿಲ್ಲ, ಯಾಕೆಂದರೆ ಅವರ ಚಿತ್ರಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಮದುವೆಯ ಮನೆಯವರ ಮುಂದೆ ಹಿಡಿಯಲು ಇದು ಸಾಲುವುದಿಲ್ಲ. ಪ್ರಿಂಟ್ ಇನ್ನೂ ನನ್ನ ಪುಸ್ತಕದಲ್ಲೇ ಇದೆ.

ಆದರೆ ಶಬ್ದಗಳು ಕೆಲವು ಕಡೆ ಚಿತ್ರಕ್ಕಿಂತ ಹೆಚ್ಚು ಹೇಳುತ್ತವೆ. ನಮ್ಮ ಕಡೆ ಕೂಸಿನ ತಲೆಗೆ ಹಾಕುವ ಕುಲಾವಿ ಫಾರಸಿಯ ಕುಲಾಹ್, ಅಂದರೆ ಟೊಪ್ಪಿಗೆ. ವಿಜಯನಗರದ ಅರಸರು ತೊಡುತ್ತಿದ್ದ ಉದ್ದ ಟೊಪ್ಪಿಗೆಗೂ ಕುಳ್ಳಾಯಿ ಎಂದೇ ಹೆಸರು, ಅವರ ನಿಲುವಂಗಿ ಕಬಾಯಿ ಅರಬಿಯ ಕಬಾ. ತಿರುಮಲದಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೆ ಅಂಥ ಟೊಪ್ಪಿಗೆಯನ್ನು ನೋಡಬಹುದು. ರುಮಾಲು, ಶಾಲು, ಪೈಜಾಮ ಎಲ್ಲವೂ ಅದೇ ದಾರಿಯಲ್ಲಿ ಬಂದ ಮಾತುಗಳು. ರಾಯಬಾಗದ ಗೆಳತಿಯ ಅಕ್ಕನಿಗೆ ಹೋದ ತಿಂಗಳು ಗಂಡು ಮಗುವಾಯಿತು. ನಾವು ನೋಡಲು ಹೋದಾಗ ಕೂಸಿನ ತಲೆ ಮುಟ್ಟಿ ನಾನು ಕುಲಾಹ್ ಎಂದದ್ದಕ್ಕೆ ಅವಳ ಅಜ್ಜಿ, "ಕುಲಾವಿ ಅನ್ನವ್ವಾ, ಸರಿಯಾಗಿ ಅನ್ನು" ಎಂದು ತಿದ್ದಿದರು.

ಗಂಡಸರ ಬಟ್ಟೆ ಸ್ವಲ್ಪ ಸುಲಭವಾಯಿತು. ಎರಡನೇ ಇಬ್ರಾಹಿಮನ ಚಿತ್ರಗಳು ಅವನು ಬದುಕಿದ್ದಾಗಲೇ ಬರೆದವು ಬೇಕಾದಷ್ಟಿವೆ. ತೆಳು ಬಿಳಿ ಜಾಮಾ, ಕಾಲಿನತ್ತ ಇಳಿಯುವ ಘೇರು, ಒಳಗಿನ ಬಣ್ಣದ ಪೈಜಾಮ ಹೊರಗೆ ಕಾಣುವಷ್ಟು ನವಿರು. ನಡುವಿಗೆ ಪಟಕಾ. ಮೈಮೇಲೆ ಬಂಗಾರದ ಶಾಲು. ಮೇಲಕ್ಕೆ ಹೋದಂತೆ ಚೂಪಾಗುವ ರುಮಾಲು. ಪ್ರಿಂಟನ್ನು ಅಬ್ಬಾನ ಮಷಿನ್ ಮೇಲೆ ಇಟ್ಟೆ. ಕತ್ತರಿ ಕೆಳಗಿಟ್ಟು ನೋಡಿದರು. ಮೊದಲ ಮಾತೇ, "ಗುಂಡಿ ಕಾಂ ಹೈ ಬೇಟಾ ಇಸ್ಕು?" ಗುಂಡಿ ಎಲ್ಲಿ?

ಗುಂಡಿ ಇಲ್ಲ, ಕಾಜಾ ಇಲ್ಲ. ನಾನು ಆ ಚಿತ್ರವನ್ನು ಹತ್ತು ದಿನದಿಂದ ನೋಡುತ್ತಿದ್ದೆ, ಬಣ್ಣ ನೋಡಿದ್ದೆ, ಬಂಗಾರ ನೋಡಿದ್ದೆ, ಗುಂಡಿ ಇಲ್ಲದ್ದನ್ನು ನೋಡಿರಲಿಲ್ಲ. ಅಬ್ಬಾ ಬೆರಳಿನಿಂದ ತೋರಿಸಿದರು: ಎದೆಯ ಒಂದು ಪಾಳಿ ಇನ್ನೊಂದರ ಮೇಲೆ ಅಡ್ಡ ಬಂದು ಬಗಲಿನ ಕೆಳಗೆ ಡೋರಿಯಿಂದ ಕಟ್ಟಿಕೊಳ್ಳುತ್ತದೆ. ಸೊಂಟದಲ್ಲಿ ಒಂದು ಜೋಡಣೆ ಇರಲೇಬೇಕು, ಇಲ್ಲದಿದ್ದರೆ ಮೇಲೆ ಅಷ್ಟು ಬಿಗಿ, ಕೆಳಗೆ ಅಷ್ಟು ಘೇರು ಬರುವುದಿಲ್ಲ. ಆ ಜೋಡಣೆ ಪಟಕಾದ ಅಡಿ ಮುಚ್ಚಿಹೋಗಿದೆ, ಚಿತ್ರದಲ್ಲಿ ಕಾಣುವುದಿಲ್ಲ. ಕಾಣದಿದ್ದರೂ ಇದೆ ಎಂದು ಹೇಳಲು ಮಷಿನ್ ತುಳಿದವರೇ ಬೇಕು. ತೋಳು ಮೇಲೆತ್ತಿದರೂ ಬಗಲಲ್ಲಿ ಹರಿಯಬಾರದೆಂದರೆ ಅಲ್ಲೊಂದು ತುಂಡು ಹಚ್ಚಿರಬೇಕು ಎಂದೂ ಹೇಳಿದರು.

ಡೋರಿ ಯಾವ ಬಗಲಲ್ಲಿ? ಇದರ ಮೇಲೆ ಒಂದು ವಾರ ಹೋಯಿತು. ಅಥಣಿಯ ಗೆಳತಿ ಕಳಿಸಿದ ಒಂದು ಚಿತ್ರದಲ್ಲಿ ಡೋರಿ ಎಡಗಡೆ ಇತ್ತು. ಅಬ್ಬಾ ಅದರಂತೆಯೇ ಗುರುತು ಹಾಕಿದ್ದರು. ಆಮೇಲೆ ಚಿತ್ರದ ಅಂಚಿನ ಬರಹ ಓದಲು ಹೋದರೆ ಒಂದಕ್ಷರವೂ ಹತ್ತಲಿಲ್ಲ. ಉರ್ದು ಓದಲು ಬರುವವಳಿಗೆ ಫಾರಸಿಯ ಅರ್ಥ ತಿಳಿಯದಿದ್ದರೂ ಅಕ್ಷರವಾದರೂ ಹತ್ತಬೇಕಲ್ಲ? ಕನ್ನಡಿಯ ಮುಂದೆ ಹಿಡಿದಾಗ ಗೊತ್ತಾಯಿತು, ಯಾರೋ ಚಿತ್ರವನ್ನು ತಿರುವಿ ಹಾಕಿದ್ದರು. ಅಲ್ಲಿ ಎಡ ಎಂದು ಕಂಡದ್ದು ನಿಜದಲ್ಲಿ ಬಲ. ಹಾಗಾಗಿ ಬಂದ ಚಿತ್ರವನ್ನೆಲ್ಲ ನಂಬಬೇಡಿ, ಅಕ್ಷರ ಇದ್ದರೆ ಮೊದಲು ಅದನ್ನು ನೋಡಿ, ಸಾಧ್ಯವಾದರೆ ಚಿತ್ರ ಇರುವ ಗ್ರಂಥಾಲಯದ ಪುಟದಿಂದಲೇ ತೆಗೆದುಕೊಳ್ಳಿ.

ಚಿತ್ರಕ್ಕೆ ಜೊತೆ ಕೊಡುವ ಬರಹವೂ ಒಂದು ಸಿಕ್ಕಿತು, ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ಐನ್-ಇ ಅಕ್ಬರಿ. ಅದರಲ್ಲಿ ಬಟ್ಟೆಗಳಿಗೇ ಒಂದು ಅಧ್ಯಾಯವಿದೆ. ತಕೌಚಿಯಾ ಎಂಬ ಹಿಂದುಸ್ತಾನದ ಮಾದರಿಯ, ಅಸ್ತರ್ ಇಲ್ಲದ ಅಂಗಿಯ ಬಗ್ಗೆ ಬರೆಯುತ್ತ, ಮೊದಲು ಅದರ ಕೆಳಭಾಗ ಸೀಳಿರುತ್ತಿತ್ತು, ಎಡಕ್ಕೆ ಕಟ್ಟುತ್ತಿದ್ದರು, ಬಾದಶಹ ಅದನ್ನು ದುಂಡಗೆ ಮಾಡಿಸಿ ಬಲಕ್ಕೆ ಕಟ್ಟಲು ಅಪ್ಪಣೆ ಮಾಡಿದ ಎಂದು ಹೇಳುತ್ತಾನೆ. ಬಟ್ಟೆ ಏಳು ಗಜ ಏಳು ಗಿರಹ ಬೇಕು, ಸಾದಾ ಹೊಲಿಗೆಯ ಕೂಲಿ ಒಂದು ರೂಪಾಯಿಯಿಂದ ಮೂರು ರೂಪಾಯಿ. ಅಂದಾಜಲ್ಲ, ಅಳತೆ ಮತ್ತು ದರ! ಕಾಮರ್ಸಿನವಳಾದ ನನಗೆ ಇಷ್ಟು ಸಂತೋಷ ಯಾವ ಬಂಗಾರದ ಚಿತ್ರವೂ ಕೊಟ್ಟಿರಲಿಲ್ಲ. ಗಜಕ್ಕೆ ಹದಿನಾರು ಗಿರಹ ಎಂಬುದು ಅಬ್ಬಾಗೆ ಗೊತ್ತಿತ್ತು, ಅವರ ಉಸ್ತಾದರು ಹಾಗೇ ಅಳೆಯುತ್ತಿದ್ದರಂತೆ. ಆದರೆ ಇದು ಆಗ್ರಾ-ಲಾಹೋರದ ಮಾತು, ನಮ್ಮ ವಿಜಾಪುರದ್ದಲ್ಲ. ನಮ್ಮ ಹತ್ತಿರದ ಇಬ್ರಾಹಿಮನ ಚಿತ್ರಗಳಲ್ಲಿ ಎಷ್ಟೋ ಕಡೆ ಶಾಲು ಅಡ್ಡ ಬಂದು ಡೋರಿ ಮುಚ್ಚಿದೆ. ಎರಡನ್ನೂ ಕೂಡಿಸಿ ಬಲಕ್ಕೇ ಕಟ್ಟಿದೆವು.

ಚಿತ್ರಕಾರ ಹೇಳುವುದೆಲ್ಲ ಬಟ್ಟೆಯ ಸುದ್ದಿಯಲ್ಲ ಎಂಬುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಪೇಮ್ ನೇಮ್ ಎಂಬ ಪ್ರೇಮಕಾವ್ಯದ ಪ್ರತಿ ಇದೆ, 34 ಚಿತ್ರಗಳು, ಇಬ್ರಾಹಿಮನ ಕಾಲದ ವಿಜಾಪುರದ್ದು. ಭಾಷೆ ದಖನಿ, ನಮ್ಮ ಮನೆಯ ಮಾತಿನ ಹಳೆಯ ರೂಪ. ಹೆಸರು ನೋಡಿ: ಪ್ರೇಮ, ನೇಮ. ನೇಮ ಕನ್ನಡದಲ್ಲೂ ನೇಮವೇ. ಅದರ ಚಿತ್ರಗಳಲ್ಲಿ ನಾಯಕನ ಎದೆಯ ಮೇಲೆ ನಾಯಕಿಯ ರೂಪ ಇರುತ್ತದೆ. ನಮ್ಮ ಗುಂಪಿನ ಒಬ್ಬಳು ಇದನ್ನು ನೋಡಿ, "ಆಗಿನ ಕಾಲಕ್ಕs ಪ್ರಿಂಟೆಡ್ ಟೀಶರ್ಟ್ ಇತ್ತಲ್ಲೇ" ಎಂದಳು. ಅದು ಬಟ್ಟೆಯ ಮೇಲಿನ ಚಿತ್ತಾರವಲ್ಲ, ಅವಳು ಅವನ ಮನಸ್ಸಿನಲ್ಲಿದ್ದಾಳೆ ಎಂದು ತೋರಿಸುವ ರೀತಿ. ಹಾಗೆಯೇ ಬಟ್ಟೆಯ ಹೂವುಗಳನ್ನು ಎಷ್ಟೋ ಚಿತ್ರಕಾರರು ನೆರಿಗೆ ಮಡಿಚಿದರೂ ಮುರಿಯದ ಹಾಗೆ ಚಪ್ಪಟೆಯಾಗಿ ಬರೆಯುತ್ತಾರೆ. ಅದರಿಂದ ಹೂವಿನ ಆಕಾರ ತಿಳಿಯುತ್ತದೆ, ಬಟ್ಟೆ ಹೇಗೆ ಇಳಿಬೀಳುತ್ತಿತ್ತು ಎಂಬುದು ತಿಳಿಯುವುದಿಲ್ಲ.

ಕಾಲಿಗೆ ಏನು ಎಂಬುದು ನಿಪ್ಪಾಣಿಯವರ ಪ್ರತಿಷ್ಠೆಯ ಪ್ರಶ್ನೆಯಾಯಿತು. ಅಥಣಿ, ನಿಪ್ಪಾಣಿಯಲ್ಲಿ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2018ರಲ್ಲಿ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಭೌಗೋಳಿಕ ಗುರುತು ಸಿಕ್ಕಿದೆ, ಆದ್ದರಿಂದ ಸುಲ್ತಾನನಿಗೂ ಅದೇ ಇರಲಿ ಎಂದರು. ಆಸ್ಥಾನದ ಚಿತ್ರಗಳಲ್ಲಿ ಬೆರಳು ಮುಚ್ಚುವ ಜೋಡು ಇವೆ. ಕೊನೆಗೆ ಕಾವಲುಗಾರರಿಗೆ ಚಪ್ಪಲಿ ಹಾಕಿಸಿ ಜಗಳ ಮುಗಿಸಿದೆವು, ವೋಚರ್ ಇಲ್ಲದೆ.

ಲೆಕ್ಕ ಹೀಗಿದೆ. ನಮ್ಮ ಮಲ್ಮಲ್ ಬಟ್ಟೆಯ ಪನ್ನಾ ದೊಡ್ಡದಾದ್ದರಿಂದ ಏಳು ಗಜ ಬೇಕಾಗಲಿಲ್ಲ, ಒಂದು ಜಾಮಾ ಐದೂವರೆ ಮೀಟರಿನಲ್ಲಿ ಆಯಿತು. ನಾಲ್ಕು ಜಾಮಾಕ್ಕೆ 22 ಮೀಟರ್, ಮೀಟರಿಗೆ 70 ರೂಪಾಯಿಯಂತೆ 1,540. ಡೋರಿ, ದಾರ, ಪಟಕಾದ ಅಂಚು 180. ಒಟ್ಟು 1,720 ರೂಪಾಯಿ. ಬಾಡಿಗೆಯವರು ಮೂರು ದಿನಕ್ಕೆ 2,800 ಕೇಳಿದ್ದರು. ಉಳಿತಾಯ 1,080 ಎಂದು ಬರೆದು ಅರ್ಥಶಾಸ್ತ್ರದ ಸರ್‌ಗೆ ತೋರಿಸಿದಾಗ ಅವರು ಪೆನ್ನು ತೆಗೆದು, "ನಿಮ್ಮ ತಂದೆಯ ನಾಲ್ಕು ರಾತ್ರಿಯ ಕೂಲಿ ಎಲ್ಲಿ?" ಎಂದು ಬರೆದರು. ಅದನ್ನು ಸೇರಿಸಿದರೆ ನಾವು ನಷ್ಟದಲ್ಲಿದ್ದೇವೆ. ಅಬ್ಬಾಗೆ ಹೇಳಿದೆ. ಅಕ್ಬರನ ದರದಲ್ಲಿ ಮೂರು ರೂಪಾಯಿ ಕೊಡು ಸಾಕು ಎಂದರು.

ಚಾಂದ್ ಬೀಬಿಗೆ ಕೊನೆಗೆ ತೊಡಿಸಿದ್ದು ಗಿಡ್ಡ ತೋಳಿನ ಕುಪ್ಪಸ, ಕಾಲ್ಗಂಟು ಮುಟ್ಟುವ ಸೀರೆ, ಮೇಲೆ ಬಿಳಿ ಮಲ್ಮಲ್ಲಿನ ಓಢಣಿ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಬಳಸಿದೆವು, ಅದು ಚೆಂದ ಎಂಬ ಕಾರಣಕ್ಕೆ, ಚಿತ್ರದಲ್ಲಿದೆ ಎಂದಲ್ಲ. ಸೀರೆ ದಾದಿಮಾದು. ಓಢಣಿ ತಲೆಯ ಮೇಲೆ ಇರಬೇಕೆಂಬುದು ಅವರ ಷರತ್ತು.

ಆ ಬಟ್ಟೆಗಳೆಲ್ಲ ಈಗ ಕಾಲೇಜಿನ ಇತಿಹಾಸ ವಿಭಾಗದ ಕಪಾಟಿನಲ್ಲಿವೆ. ಪ್ರತಿಯೊಂದಕ್ಕೂ ಒಂದು ಚೀಟಿ ಪಿನ್ ಮಾಡಿದ್ದೇವೆ. ಜಾಮಾದ ಚೀಟಿಯಲ್ಲಿ ಯಾವ ಚಿತ್ರ ನೋಡಿ ಹೊಲಿದದ್ದು, ಚಿತ್ರದ ಕಾಲ ಯಾವುದು, ಸೊಂಟದ ಜೋಡಣೆ ಚಿತ್ರದಲ್ಲಿ ಕಾಣುವುದಿಲ್ಲ, ಟೇಲರ್ ಹೇಳಿದ್ದು ಎಂದು ಬರೆದಿದೆ. ಚಾಂದ್ ಬೀಬಿಯ ಚೀಟಿ ಉದ್ದವಾಯಿತು. ಮೊದಲ ಸಾಲು, "ಇದು ಊಹೆ." ಎರಡನೆಯದು, "ತಾಯಿಯ ಚಿತ್ರ ಅಳಿಸಿದ್ದಾರೆ, ಪಕ್ಕದಲ್ಲಿ ನಿಂತವರನ್ನು ನೋಡಿ ಹೊಲಿದದ್ದು." ಮೂರನೆಯ ಸಾಲನ್ನು ದಾದಿಮಾ ಹೇಳಿ ಬರೆಸಿದರು: ಸೀರೆ ವಾಪಸ್ ಕೊಡಬೇಕು.